ಲಾಗಿನ್ ಒಡೀದೆ ಹಳೇ ಕೋಡ್ ತೆಗೆಯೋದು ಹೆಂಗೆ: ಆಥೆಂಟಿಕೇಷನ್ ಲೈಬ್ರರಿ ನೋಡ್ಕೊಳೋರಿಗೆ

ಪೈಥನ್ ಹೊಸ ವರ್ಷನ್ ಬಂದಾಗೆಲ್ಲಾ, ಇಲ್ಲಾ ಯಾವ್ದಾದ್ರೂ ಡಿಪೆಂಡೆನ್ಸಿ (ನಮ್ಮ ಕೋಡ್ ನೆಚ್ಕೊಂಡಿರೋ ಬೇರೆಯವ್ರ ಲೈಬ್ರರಿ) ಮೇಜರ್ ರಿಲೀಸ್ (ಹಳೇ ಕೋಡ್ ಒಡೀಬಹುದಾದ ದೊಡ್ಡ ರಿಲೀಸ್) ಮಾಡಿದಾಗೆಲ್ಲಾ ನಂಗೆ ಅವೇ ಎರಡು ಪ್ರಶ್ನೆ ಬರ್ತವೆ. ಒಂದು, ‘ಈ ಹಳೇ ಫಂಕ್ಷನ್‌ನ ಯಾವಾಗ ಕಿತ್ತಾಕ್ಬಹುದು?’ ಇನ್ನೊಂದು, ‘ಕೋಡ್ ಏನೂ ಮುಟ್ಟಿಲ್ಲ ಸರ್, ಬರೀ ಅಪ್‌ಡೇಟ್ ಮಾಡ್ದೆ, ಲಾಗಿನ್ನೇ ಆಗ್ತಿಲ್ಲ’. ಒಬ್ಬೊಬ್ರಿಗೂ ಬಿಡಿಬಿಡಿಯಾಗಿ ಬರೆದು ಸಾಕಾಗಿ ಎಲ್ಲಾ ಒಂದೇ ಕಡೆ ಹಾಕ್ತಿದೀನಿ. ಬನಶಂಕರಿಲಿ ಕೂತ್ಕೊಂಡು ಶನಿವಾರ ಭಾನುವಾರ ಒಂದು ಸಣ್ಣ ಪೈಥನ್ ಆಥೆಂಟಿಕೇಷನ್ ಲೈಬ್ರರಿ ನೋಡ್ಕೊಳೋನು ನಾನು, ಹಾಗಾಗಿ ಉದಾಹರಣೆ ಜಾಸ್ತಿ ಪೈಥನ್‌ದೇ ಇರತ್ತೆ, ನೀವು ನೋಡ್‌ಜೆಎಸ್ ಕಡೆಯವ್ರಾದ್ರೂ ಗೋ ಕಡೆಯವ್ರಾದ್ರೂ ತಲೆನೋವು ಹೆಚ್ಚು ಕಮ್ಮಿ ಇದೇ.

ಹೊಸಬ್ರಿಗೆ ಮೂರು ಪದ ಬಿಡಿಸಿ ಹೇಳ್ಬಿಡ್ತೀನಿ. ಆಥೆಂಟಿಕೇಷನ್ ಅಂದ್ರೆ ‘ನೀವು ಯಾರು’ ಅಂತ ಖಾತ್ರಿ ಮಾಡ್ಕೊಳೋದು, ಆಥರೈಸೇಷನ್ ಅಂದ್ರೆ ಒಳಗೆ ಬಂದ್ಮೇಲೆ ನೀವು ಏನೇನು ಮುಟ್ಬಹುದು ಅನ್ನೋದು, ಎರಡನ್ನೂ ಒಂದೇ ಅಂದ್ಕೊಂಡು ಇಶ್ಯೂ (ಗಿಟ್‌ಹಬ್‌ನಲ್ಲಿ ಬರೆಯೋ ದೂರು) ಹಾಕೋರು ಇವತ್ತಿಗೂ ಇದಾರೆ. ಡೆಪ್ರಿಕೇಷನ್ ಅಂದ್ರೆ ‘ಇದು ಈಗ ಕೆಲಸ ಮಾಡತ್ತೆ, ಮುಂದೆ ತೆಗೀತೀವಿ, ಹೊಸದಾಗಿ ಬಳಸ್ಬೇಡಿ’ ಅನ್ನೋ ನೋಟಿಸ್. ನಾಳೆ ಬೆಳಗ್ಗೆ 10ರಿಂದ ಕರೆಂಟ್ ಇರಲ್ಲ ಅಂತ ಬೆಸ್ಕಾಂ ಮೆಸೇಜ್ ಬರತ್ತಲ್ಲ, ಅದು ಡೆಪ್ರಿಕೇಷನ್. ಕಂಬದಲ್ಲಿ ಕಿಡಿ ಹಾರ್ತಿದೆ ಅಂತ ಲೈನ್‌ಮ್ಯಾನ್ ಬಂದು ಫ್ಯೂಸ್ ಕಿತ್ತು ಹೋಗ್ತಾರಲ್ಲ, ಅದು ಸೆಕ್ಯೂರಿಟಿ ಫಿಕ್ಸ್. ಎರಡರಲ್ಲೂ ಕರೆಂಟ್ ಹೋಗತ್ತೆ ನಿಜ, ಆದ್ರೆ ಎರಡಕ್ಕೂ ಒಂದೇ ರೂಲ್ಸ್ ಹಾಕಕ್ಕೆ ಹೋದ್ರೆ ಕೈ ಸುಟ್ಕೋತೀರ.

ಶುರು ಮಾಡೋಕೆ ಮುಂಚೆ ಏನೇನು ಇರ್ಬೇಕು

ದೊಡ್ಡ ಸಾಮಾನೇನೂ ಬೇಡ. ನಾಲ್ಕೈದು ಪೈಥನ್ ವರ್ಷನ್ ಮೇಲೆ ಟೆಸ್ಟ್ ಓಡಿಸೋ ಸಿಐ ಬೇಕು (ಕೋಡ್ ಪುಶ್ ಮಾಡಿದ ತಕ್ಷಣ ತಾನಾಗೇ ಟೆಸ್ಟ್ ಓಡಿಸೋ ವ್ಯವಸ್ಥೆ). ಒಂದು ಚೇಂಜ್‌ಲಾಗ್ ಫೈಲ್ ಬೇಕು. ಸೆಕ್ಯೂರಿಟಿ ತೊಂದರೆನ ಗುಟ್ಟಾಗಿ ತಿಳಿಸೋಕೆ ಒಂದು ದಾರಿ ಬೇಕು, ಗಿಟ್‌ಹಬ್‌ನಲ್ಲಿ ಖಾಸಗಿಯಾಗಿ ರಿಪೋರ್ಟ್ ಮಾಡೋ ಸೌಲಭ್ಯ ಇದೆ, ಸೆಟ್ಟಿಂಗ್ಸ್‌ಗೆ ಹೋಗಿ ಆನ್ ಮಾಡಿ, ಇಲ್ಲಾಂದ್ರೆ ಯಾರೋ ಒಬ್ರು ಎಲ್ಲರ ಮುಂದೆ ಇಶ್ಯೂ ತೆಗೆದು ‘ಹಿಂಗೆ ಮಾಡಿದ್ರೆ ಯಾರ ಅಕೌಂಟ್‌ಗೆ ಬೇಕಾದ್ರೂ ಹೋಗ್ಬಹುದು’ ಅಂತ ಸ್ಕ್ರೀನ್‌ಶಾಟ್ ಸಮೇತ ಹಾಕ್ತಾರೆ. ಪೈಪಿಐಗೆ (ಪೈಥನ್ ಪ್ಯಾಕೇಜ್‌ಗಳನ್ನ ಎಲ್ಲರೂ ಇಳಿಸ್ಕೊಳೋ ಜಾಗ) ಅಪ್‌ಲೋಡ್ ಮಾಡಕ್ಕೆ 2024ರ ಜನವರಿಯಿಂದ ಎರಡು ಹಂತದ ಲಾಗಿನ್ ಹೆಂಗಿದ್ರೂ ಕಡ್ಡಾಯ, ಅದ್ರ ರಿಕವರಿ ಕೋಡ್‌ಗಳನ್ನ ಅದೇ ಲ್ಯಾಪ್‌ಟಾಪ್‌ನಲ್ಲಿ ಇಟ್ಕೋಬೇಡಿ.

ರಿಲೀಸ್ ಮಾಡೋ ಹಕ್ಕು ಇರೋ ಇನ್ನೊಬ್ರೂ ಬೇಕು, ನೀವು ಊರಿಗೆ ಹೋದಾಗ್ಲೇ ಬಗ್ ಬರೋದು. ಹಂಗಂತ ನಾಲ್ಕು ಪುಲ್ ರಿಕ್ವೆಸ್ಟ್ (ಈ ಬದಲಾವಣೆ ಸೇರಿಸ್ಕೊಳಿ ಅಂತ ಕಳಿಸೋ ಕೋಡ್) ಹಾಕಿದ್ರು ಅಂತ ಬೀಗದ ಕೈ ಕೊಡಬೇಡಿ. 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಅನ್ನೋ ಕಂಪ್ರೆಷನ್ ಟೂಲ್‌ನ 5.6.0 ಮತ್ತು 5.6.1ರಲ್ಲಿ ಹಿಂಬಾಗಿಲು ಸಿಕ್ತಲ್ಲ, ಅದನ್ನ ಇಟ್ಟವರು ವರ್ಷಗಟ್ಟಲೆ ಒಳ್ಳೇ ಕೆಲಸ ಮಾಡಿ, ಸುಸ್ತಾಗಿದ್ದ ಮೇಂಟೇನರ್‌ನ ನಂಬಿಕೆ ಗಳಿಸಿ ಒಳಗೆ ಬಂದಿದ್ದು. ಅದು ಕಂಪ್ರೆಷನ್ ಲೈಬ್ರರಿ. ನಮ್ಮದು ಪಾಸ್‌ವರ್ಡ್ ಮುಟ್ಟೋ ಲೈಬ್ರರಿ.

ಹಂತ 1: ಜನ ಯಾವ್ದನ್ನ ನಂಬ್ಕೊಂಡಿದಾರೆ ಅಂತ ಪಟ್ಟಿ ಮಾಡಿ

ಡಾಕ್ಯುಮೆಂಟೇಷನ್‌ನಲ್ಲಿ ಇರೋ ಫಂಕ್ಷನ್‌ಗಳು ಮಾತ್ರ ಪಬ್ಲಿಕ್ ಅಂತ ನೀವು ಅಂದ್ಕೊಂಡಿರ್ತೀರ, ಜನ ಹಂಗೆ ಅಂದ್ಕೊಂಡಿರಲ್ಲ. ಎಕ್ಸೆಪ್ಷನ್ ಕ್ಲಾಸ್ ಹೆಸರು, ಕುಕಿ ಹೆಸರು, ಟೋಕನ್ (ಲಾಗಿನ್ ಆದ್ಮೇಲೆ ಸಿಗೋ ಗುರುತಿನ ಚೀಟಿ) ಒಳಗಿನ ಕ್ಲೇಮ್‌ಗಳು (ಟೋಕನ್‌ನಲ್ಲಿ ಬರೆದಿರೋ ಮಾಹಿತಿ ತುಣುಕುಗಳು), ಡೇಟಾಬೇಸ್‌ನಲ್ಲಿ ಹ್ಯಾಶ್ (ವಾಪಸ್ ತಿರುಗಿಸಕ್ಕಾಗದಂಗೆ ಬದಲಾಯ್ಸಿಟ್ಟ ಪಾಸ್‌ವರ್ಡ್) ಕೂತಿರೋ ರೀತಿ, ಎಲ್ಲಾನೂ ಯಾರೋ ಒಬ್ರು ನೆಚ್ಕೊಂಡಿರ್ತಾರೆ. ನಾನೊಮ್ಮೆ ಒಂದು ಎರರ್ ಮೆಸೇಜ್‌ನಲ್ಲಿದ್ದ ಸ್ಪೆಲ್ಲಿಂಗ್ ತಪ್ಪು ಸರಿ ಮಾಡ್ದೆ, ಅಷ್ಟೇ ಮಾಡಿದ್ದು, ಒಬ್ರ ಸೈಟ್‌ನಲ್ಲಿ ಸೆಷನ್ ಮುಗಿದ್ಮೇಲೆ ಲಾಗಿನ್ ಪೇಜ್‌ಗೆ ಕಳಿಸೋದೇ ನಿಂತೋಯ್ತು, ಯಾಕಂದ್ರೆ ಅವ್ರು ಆ ತಪ್ಪು ಸ್ಪೆಲ್ಲಿಂಗ್‌ನ ಸ್ಟ್ರಿಂಗ್ ಮ್ಯಾಚ್ ಮಾಡ್ಕೊಂಡಿದ್ರು. ಊರಿನ ಹೆಸರು 2014ರ ನವೆಂಬರ್ 1ಕ್ಕೆ ಬೆಂಗಳೂರು ಅಂತ ಆಯ್ತು, ಆಮೇಲೆ ಸಿಟಿ ರೈಲ್ವೆ ಸ್ಟೇಷನ್‌ಗೆ ಸಂಗೊಳ್ಳಿ ರಾಯಣ್ಣನ ಹೆಸರೂ ಬಂತು, ಆದ್ರೆ ಟಿಕೆಟ್ ಬುಕ್ ಮಾಡುವಾಗ ಸ್ಟೇಷನ್ ಕೋಡ್ ಎಸ್‌ಬಿಸಿನೇ. ಬೋರ್ಡ್ ಬದಲಾಯ್ಸೋದು ಸುಲಭ, ಸಾವಿರ ಕಡೆ ಬರೆದಿಟ್ಟಿರೋ ಕೋಡ್ ಬದಲಾಯ್ಸೋದು ಕಷ್ಟ. ನಿಮ್ಮ ಲೈಬ್ರರಿಲಿ ಯಾವ್ದು ಬೋರ್ಡ್, ಯಾವ್ದು ಸ್ಟೇಷನ್ ಕೋಡ್ ಅಂತ ಮೊದ್ಲು ವಿಂಗಡಿಸಿ.

ಪಟ್ಟಿ ಮಾಡುವಾಗ ಮೂರು ಗುಂಪು ಮಾಡ್ಕೊಳಿ: ಕೋಡ್, ಡೇಟಾ, ನೆಟ್‌ವರ್ಕ್. ಕೋಡ್ ಒಡೆದ್ರೆ ಡಿಪ್ಲಾಯ್ ಮಾಡಿದ ದಿನವೇ ಕಾಣತ್ತೆ, ಬೈದು ಸರಿ ಮಾಡ್ತಾರೆ. ಡೇಟಾ ಒಡೆದ್ರೆ ಆರು ತಿಂಗಳು ಲಾಗಿನ್ ಆಗದೇ ಇದ್ದ ಯಾರೋ ವಾಪಸ್ ಬಂದಾಗ ಕಾಣತ್ತೆ, ಅಷ್ಟೊತ್ತಿಗೆ ನಿಮಗೇ ಏನು ಬದಲಾಯ್ಸಿದ್ದೆ ಅಂತ ಮರೆತಿರತ್ತೆ. ನೆಟ್‌ವರ್ಕ್ ಅಂದ್ರೆ ಆ ಕಡೆಯ ಗೂಗಲ್, ಗಿಟ್‌ಹಬ್, ಬ್ರೌಸರ್, ಇವು ನಿಮ್ಮ ಕೈಯಲ್ಲೇ ಇಲ್ಲ.

ಹಂತ 2: ಯಾರ ಗಡಿಯಾರ ಓಡ್ತಿದೆ ನೋಡ್ಕೊಳಿ

ಡೆಪ್ರಿಕೇಷನ್ ಎಲ್ಲಾ ಒಂದೇ ಥರ ಅಲ್ಲ. ನಿಮ್ಮದೇ ಫಂಕ್ಷನ್ ಆದ್ರೆ ಡೇಟ್ ನೀವೇ ಇಡ್ತೀರ. ಭಾಷೆಯದ್ದಾದ್ರೆ ಡೇಟ್ ಮೊದ್ಲೇ ಗೊತ್ತಿರತ್ತೆ: ಪೈಥನ್ ಪ್ರತಿ ಅಕ್ಟೋಬರ್‌ನಲ್ಲಿ ಹೊಸ ವರ್ಷನ್ ಬಿಡತ್ತೆ, ಒಂದೊಂದಕ್ಕೂ ಸುಮಾರು 5 ವರ್ಷ ಆಯಸ್ಸು, 3.8 ಕತೆ 2024ರ ಅಕ್ಟೋಬರ್‌ಗೆ ಮುಗೀತು, 3.9 ಕತೆ 2025ರ ಅಕ್ಟೋಬರ್‌ಗೆ. ಇದನ್ನ ಕ್ಯಾಲೆಂಡರ್‌ನಲ್ಲಿ ಹಾಕ್ಕೊಳಿ, ಆಶ್ಚರ್ಯ ಪಡೋ ವಿಷ್ಯ ಅಲ್ಲ.

ಡಿಪೆಂಡೆನ್ಸಿಯದ್ದು ಮಾತ್ರ ಹೇಳಿ ಕೇಳಿ ಬರಲ್ಲ. ಪಾಸ್‌ಲಿಬ್ ಅಂತ ಪಾಸ್‌ವರ್ಡ್ ಹ್ಯಾಶ್ ಮಾಡೋ ಲೈಬ್ರರಿ ಇದೆ, ತುಂಬಾ ಜನ ಬಳಸ್ತಾರೆ, ಅದ್ರ ಕೊನೇ ರಿಲೀಸ್ 1.7.4 ಬಂದಿದ್ದು 2020ರ ಅಕ್ಟೋಬರ್‌ನಲ್ಲಿ. ಅದು ಒಳಗೆ ಬಿಕ್ರಿಪ್ಟ್ (ಪಾಸ್‌ವರ್ಡ್ ಹ್ಯಾಶ್ ಮಾಡೋ ಒಂದು ರೀತಿ) ಪ್ಯಾಕೇಜ್‌ನ ವರ್ಷನ್ ನಂಬರ್‌ನ ಒಂದು ಒಳಗಿನ ಜಾಗದಿಂದ ಓದ್ತಿತ್ತು, ಬಿಕ್ರಿಪ್ಟ್ 4.1ರಲ್ಲಿ ಆ ಜಾಗವೇ ಇಲ್ಲದಂಗಾಯ್ತು, ಲಾಗ್ ತುಂಬಾ ಎರರ್ ಕಾಣ್ತು ಆದ್ರೆ ಲಾಗಿನ್ ನಡೀತಿತ್ತು, ಜನ ಸುಮ್ನಾದ್ರು. 2025ರಲ್ಲಿ ಬಿಕ್ರಿಪ್ಟ್ 5.0 ಬಂದಾಗ ನಿಜವಾಗ್ಲೂ ಒಡೀತು. ಆ ಮೊದಲ್ನೇ ಎರರ್ ಬಂದಾಗ್ಲೇ ಅಲ್ಲಿಂದ ಎದ್ದು ಬಂದಿದ್ರೆ ಒಂದೂವರೆ ವರ್ಷಕ್ಕೂ ಜಾಸ್ತಿ ಟೈಮ್ ಇತ್ತು. ಹಾಗೇ ಪೈಥನ್‌ನ ಒಳಗೇ ಬರ್ತಿದ್ದ ಕ್ರಿಪ್ಟ್ ಮಾಡ್ಯೂಲ್, 3.11ರಲ್ಲಿ ವಾರ್ನಿಂಗ್ ಕೊಟ್ಟು 3.13ರಲ್ಲಿ ಕಿತ್ತಾಕಿದ್ರು.

ಎಚ್ಚರ: ಇಂಥದ್ದು ಆದಾಗ ‘ಬಿಕ್ರಿಪ್ಟ್ 5ಕ್ಕಿಂತ ಕಮ್ಮಿ’ ಅಂತ ಗೂಟ ಹೊಡೆದು (ಅದಕ್ಕಿಂತ ಹೊಸ ವರ್ಷನ್ ಬರದಂಗೆ ಕಟ್ಟಿಹಾಕಿ) ಮಲಗೋದು ಎಲ್ರೂ ಮಾಡೋ ಕೆಲಸ. ಅಪ್ಲಿಕೇಷನ್‌ನಲ್ಲಿ ಅದು ಸರಿ, ಲೈಬ್ರರಿಲಿ ಬೇಡ, ನಿಮ್ಮ ಲೈಬ್ರರಿ ಜೊತೆ ಇನ್ನೊಂದು ಲೈಬ್ರರಿ ಹಾಕೋರಿಗೆ ಎರಡೂ ಹೊಂದದೆ ಇನ್‌ಸ್ಟಾಲೇ ಆಗಲ್ಲ. ತಾತ್ಕಾಲಿಕಕ್ಕೆ ಹಾಕಿದ್ರೆ ಪಕ್ಕದಲ್ಲೇ ಕಾಮೆಂಟ್ ಬರೆದು ಇಶ್ಯೂ ನಂಬರ್ ಹಾಕಿ.

ಹಂತ 3: ಹಳೇದನ್ನ ಓದಿ, ಹೊಸದನ್ನ ಮಾತ್ರ ಬರೀರಿ

ಈ ಲೇಖನದಲ್ಲಿ ಒಂದೇ ಒಂದು ಹಂತ ಓದೋ ಪುರುಸೊತ್ತು ಇದ್ರೆ ಇದನ್ನ ಓದಿ. ಹಳೇ ಹ್ಯಾಶ್, ಹಳೇ ಟೋಕನ್, ಹಳೇ ಕುಕಿ ಬಂದ್ರೆ ನಿಮ್ಮ ಲೈಬ್ರರಿ ಅರ್ಥ ಮಾಡ್ಕೋಬೇಕು, ಆದ್ರೆ ತಾನು ಹೊರಗೆ ಕೊಡೋದು ಮಾತ್ರ ಯಾವಾಗ್ಲೂ ಹೊಸ ರೂಪದಲ್ಲೇ ಇರ್ಬೇಕು. ಹಿಂಗೆ ಮಾಡಿದ್ರೆ ಹಳೇದು ತಾನಾಗೇ ಸವೆದು ಹೋಗತ್ತೆ, ಬೆಣ್ಣೆಯಿಂದ ಕೂದಲು ತೆಗೆದಂಗೆ ಕೋಡ್ ತೆಗೀಬಹುದು.

ಪಾಸ್‌ವರ್ಡ್‌ನಿಂದ್ಲೇ ಶುರು ಮಾಡೋಣ. ಬಿಕ್ರಿಪ್ಟ್‌ಗೆ ಒಂದು ಹಳೇ ಮಿತಿ ಇದೆ, 72 ಬೈಟ್ ಆದ್ಮೇಲೆ ಬರೋದನ್ನ ಅದು ನೋಡೋದೇ ಇಲ್ಲ. ಇಂಗ್ಲಿಷ್ ಅಕ್ಷರ ಒಂದು ಬೈಟ್, 72 ಅಕ್ಷರದ ಪಾಸ್‌ವರ್ಡ್ ಯಾರು ಇಡ್ತಾರೆ ಬಿಡಿ ಅಂತ ಎಲ್ರೂ ಸುಮ್ನಿದ್ರು. ಆದ್ರೆ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್. ‘ಬೆಂಗಳೂರು’ ಅಂತ ಟೈಪ್ ಮಾಡಿ ನೋಡಿ, ಬ, ಎತ್ವ, ಸೊನ್ನೆ, ಗ, ಳ, ದೀರ್ಘದ ಕೊಂಬು, ರ, ಕೊಂಬು, ಒಟ್ಟು 8 ಚಿಹ್ನೆ, 24 ಬೈಟ್. ಅಂದ್ರೆ ‘ಬೆಂಗಳೂರುಬೆಂಗಳೂರುಬೆಂಗಳೂರು’ ಅಂದ್ರೆ ಸರಿಯಾಗಿ 72. ಅದ್ರ ಮುಂದೆ ನೀವು ಏನು ಬೇಕಾದ್ರೂ ಟೈಪ್ ಮಾಡಿ, ಹಳೇ ಬಿಕ್ರಿಪ್ಟ್ ಒಳಗೆ ಬಿಟ್ಕೊಳತ್ತೆ! ಬಿಕ್ರಿಪ್ಟ್ 5.0 ಇದನ್ನ ಸರಿ ಮಾಡ್ತು, 72 ದಾಟಿದ್ರೆ ಸುಮ್ನೆ ಕತ್ತರಿಸಲ್ಲ, ಎರರ್ ಎಸೆಯತ್ತೆ. ಒಳ್ಳೇದೇ, ಆದ್ರೆ ಉದ್ದ ಪಾಸ್‌ವರ್ಡ್ ಇಟ್ಟಿದ್ದ ಹಳೇ ಬಳಕೆದಾರರು ಆಚೆ ಉಳಿದ್ರು.

ನಾನು ಮಾಡೋದು ಹೀಗೆ:

1) ಹೊಸ ಹ್ಯಾಶ್ ಎಲ್ಲಾ ಆರ್ಗಾನ್2ಐಡಿಲಿ (2015ರ ಪಾಸ್‌ವರ್ಡ್ ಹ್ಯಾಶಿಂಗ್ ಸ್ಪರ್ಧೆ ಗೆದ್ದ ಆರ್ಗಾನ್2ರ ಒಂದು ರೂಪ, ಈ 72ರ ಮಿತಿ ಇಲ್ಲ).

2) ಹ್ಯಾಶ್‌ನ ಮೊದಲ ಕೆಲವು ಅಕ್ಷರ ನೋಡಿದ್ರೆ ಅದು ಬಿಕ್ರಿಪ್ಟಾ ಆರ್ಗಾನಾ ಗೊತ್ತಾಗತ್ತೆ. ಬಿಕ್ರಿಪ್ಟ್ ಆಗಿದ್ರೆ ಪಾಸ್‌ವರ್ಡ್‌ನ ಮೊದ್ಲು ಬೈಟ್ ಮಾಡಿ, ನಿಮ್ಮ ಕೋಡ್‌ನಲ್ಲೇ 72ಕ್ಕೆ ಕತ್ತರಿಸಿ, ಆಮೇಲೆ ಹೋಲಿಸಿ. ಬೈಟ್ ಕತ್ತರಿಸ್ಬೇಕು, ಅಕ್ಷರ ಅಲ್ಲ.

3) ಹೊಂದಿದ್ರೆ ಅದೇ ಪಾಸ್‌ವರ್ಡ್‌ನ ಹೊಸ ರೀತಿಲಿ ಹ್ಯಾಶ್ ಮಾಡಿ ಹಳೇದ್ರ ಜಾಗದಲ್ಲಿ ಇಡಿ.

ಮೂರನೇದ್ರಲ್ಲಿ ಒಂದು ಗುಂಡಿ ಇದೆ, ನಾನೇ ಬಿದ್ದಿದೀನಿ. 72 ಬೈಟ್ ದಾಟಿದ ಪಾಸ್‌ವರ್ಡ್ ಆದ್ರೆ, ಅವತ್ತು ಬಳಕೆದಾರರು ಬಾಲದಲ್ಲಿ ತಪ್ಪು ಟೈಪ್ ಮಾಡಿದ್ರೂ ಹಳೇ ಹ್ಯಾಶ್ ‘ಸರಿ’ ಅನ್ನತ್ತೆ, ನೀವು ಆ ತಪ್ಪು ಬಾಲವನ್ನೇ ಸೇರಿಸಿ ಹೊಸ ಹ್ಯಾಶ್ ಇಟ್ಬಿಡ್ತೀರ, ನಾಳೆ ಅವ್ರು ಸರಿಯಾದ ಪಾಸ್‌ವರ್ಡ್ ಹಾಕಿದ್ರೆ ಒಳಗೆ ಹೋಗಕ್ಕಾಗಲ್ಲ. ಅಂಥವ್ರಿಗೆ ಮಾತ್ರ ಗುಟ್ಟಾಗಿ ಬದಲಾಯ್ಸಬೇಡಿ, ಪಾಸ್‌ವರ್ಡ್ ಹೊಸದಾಗಿ ಇಡಿ ಅಂತ ಅಪ್ಲಿಕೇಷನ್‌ಗೆ ಸೂಚನೆ ಕೊಡಿ. (ಇದೇ ಥರ ಇನ್ನೊಂದು: ‘ೋ’ ಒಂದೇ ಚಿಹ್ನೆಯಾಗೂ ಬರ್ಬಹುದು, ಎರಡು ಮೂರು ಚಿಹ್ನೆ ಸೇರೂ ಬರ್ಬಹುದು, ಕಣ್ಣಿಗೆ ಒಂದೇ. ಹೊಸ ವರ್ಷನ್‌ನಲ್ಲಿ ಯುನಿಕೋಡ್ ನಾರ್ಮಲೈಸೇಷನ್ ಸೇರಿಸಿದ್ರೆ, ಅಂದ್ರೆ ಎಲ್ಲಾನೂ ಒಂದೇ ರೂಪಕ್ಕೆ ತಂದ್ರೆ, ಹಳೇ ಹ್ಯಾಶ್‌ಗೆ ನಾರ್ಮಲೈಸ್ ಮಾಡದ ರೂಪದಲ್ಲೂ ಒಂದ್ಸಲ ಹೋಲಿಸಿ ನೋಡಿ.)

ಟೋಕನ್‌ಗೂ ಇದೇ ನಿಯಮ. ಜೆಡಬ್ಲ್ಯೂಟಿ ಅಂದ್ರೆ ಸಹಿ ಹಾಕಿದ ಒಂದು ಚೀಟಿ, 2015ರಲ್ಲಿ ಆರ್‌ಎಫ್‌ಸಿ 7519 (ಇಂಟರ್‌ನೆಟ್‌ನ ಒಂದು ಸ್ಟ್ಯಾಂಡರ್ಡ್ ದಾಖಲೆ) ಆಗಿ ಬಂತು, ಅದ್ರಲ್ಲಿ ‘ಸಬ್’ ಅನ್ನೋ ಕ್ಲೇಮ್ ಯಾರ ಬಗ್ಗೆ ಅಂತ ಹೇಳತ್ತೆ, ಅದು ಸ್ಟ್ರಿಂಗ್ (ಸಂಖ್ಯೆ ಅಲ್ಲ, ಪಠ್ಯ) ಆಗಿರ್ಬೇಕು ಅಂತ ಮೊದ್ಲಿಂದಾನೂ ಬರೆದಿದೆ. ಆದ್ರೆ ಡೇಟಾಬೇಸ್ ಐಡಿ 42 ಅಂತ ಇದ್ರೆ ಜನ 42 ಅಂತ್ಲೇ ಹಾಕಿದ್ರು. 2024ರ ನವೆಂಬರ್‌ನಲ್ಲಿ ಪೈಜೆಡಬ್ಲ್ಯೂಟಿ 2.10 (ಜೆಡಬ್ಲ್ಯೂಟಿಗೆ ಇರೋ ಪೈಥನ್ ಲೈಬ್ರರಿ) ಬಂದು ಸಬ್ ಸ್ಟ್ರಿಂಗ್ ಅಲ್ದಿದ್ರೆ ಟೋಕನ್ ತಿರಸ್ಕರಿಸೋಕೆ ಶುರು ಮಾಡ್ತು, ಅದೂ ಏನೂ ಒಡೀಬಾರದ ಮೈನರ್ ರಿಲೀಸ್‌ನಲ್ಲಿ. ಸ್ಟ್ಯಾಂಡರ್ಡ್ ಪ್ರಕಾರ ಅವ್ರದ್ದು ಸರಿ, ಆದ್ರೂ ನಾನಾಗಿದ್ರೆ ಒಂದು ವಾರ್ನಿಂಗ್ ಕೊಟ್ಟು ಮುಂದಿನ ಮೇಜರ್‌ಗೆ ಇಡ್ತಿದ್ದೆ. ನೀವು ಇದ್ರ ಮೇಲೆ ಕೂತಿರೋ ಲೈಬ್ರರಿ ಆದ್ರೆ ಟೋಕನ್ ಮಾಡುವಾಗ ಇವತ್ತಿಂದ್ಲೇ ಸ್ಟ್ರಿಂಗ್ ಬರೀರಿ, ಓದುವಾಗ ಆ ಚೆಕ್ ಆಫ್ ಮಾಡೋ ಆಪ್ಷನ್ ಹಾಕಿ ಸಬ್‌ನ ನೀವೇ ನೋಡ್ಕೊಳಿ, ನಿಮ್ಮ ಅತಿ ಉದ್ದ ಆಯಸ್ಸಿನ ಟೋಕನ್ ಸತ್ತ ಮಾರನೇ ದಿನ ಆಪ್ಷನ್ ತೆಗೀರಿ. ಸಹಿ ಮಾಡೋ ಕೀ ಬದಲಾಯ್ಸುವಾಗ್ಲೂ ಅಷ್ಟೇ, ಹೊಸ ಕೀಯಿಂದ ಸಹಿ ಮಾಡಿ, ಹಳೇ ಪಬ್ಲಿಕ್ ಕೀನ (ಸಹಿ ಪರೀಕ್ಷೆ ಮಾಡಕ್ಕೆ ಎಲ್ಲರಿಗೂ ಕೊಡೋದು) ಅಷ್ಟು ದಿನ ಪಟ್ಟಿಲಿ ಬಿಡಿ.

ಹಂತ 4: ಟೈಮ್ ಕೋಡ್ ಮುಟ್ಟುವಾಗ ನಿಮ್ಮ ಲ್ಯಾಪ್‌ಟಾಪ್ ಐದೂವರೆ ಗಂಟೆ ಆಚೆ ಇದೆ ಅಂತ ನೆನಪಿಡಿ

ಪೈಥನ್ 3.12ರಲ್ಲಿ ಯುಟಿಸಿನೌ ಫಂಕ್ಷನ್ (ಈಗಿನ ಟೈಮ್‌ನ ಯುಟಿಸಿಲಿ, ಅಂದ್ರೆ ಭಾರತಕ್ಕಿಂತ ಐದೂವರೆ ಗಂಟೆ ಹಿಂದಿರೋ ವಿಶ್ವ ಸಮಯದಲ್ಲಿ, ಕೊಡೋದು) ಡೆಪ್ರಿಕೇಟ್ ಆಯ್ತು. ಬದಲಿಗೆ ನೌ ಫಂಕ್ಷನ್‌ಗೆ ಯುಟಿಸಿ ಟೈಮ್‌ಝೋನ್ ಕೊಟ್ಟು ಕರೀಬೇಕು. ಒಂದು ಸಾಲಿನ ಕೆಲಸ ಅನ್ಸತ್ತೆ, ಅಲ್ಲ. ಹಳೇದು ಕೊಡೋ ಟೈಮ್‌ಗೆ ಝೋನ್ ಅಂಟಿರಲ್ಲ, ಹೊಸದಕ್ಕೆ ಅಂಟಿರತ್ತೆ, ಎರಡನ್ನೂ ಹೋಲಿಸಿದ್ರೆ ಟೈಪ್ ಎರರ್. ಇದು ಸುಲಭದ್ದು, ಕೂಗಿ ಹೇಳತ್ತೆ.

ಕೂಗದೇ ಇರೋದು ಇನ್ನೊಂದಿದೆ. ಹಳೇ ಕೋಡ್‌ನಲ್ಲಿ ಟೈಮ್‌ನ ಸೆಕೆಂಡ್ ಸಂಖ್ಯೆ ಮಾಡಕ್ಕೆ ಕ್ಯಾಲೆಂಡರ್ ಮಾಡ್ಯೂಲ್‌ನ ಟೈಮ್‌ಜಿಎಂ ಬಳಸಿರ್ತಾರೆ, ಅದು ಕೊಟ್ಟಿದ್ದನ್ನ ಯುಟಿಸಿ ಅಂತ್ಲೇ ತಗೊಳತ್ತೆ. ಯಾರೋ ಉತ್ಸಾಹದಲ್ಲಿ ‘ಕ್ಲೀನಪ್’ ಅಂತ ಅದನ್ನ ಟೈಮ್‌ಸ್ಟ್ಯಾಂಪ್ ಮೆಥಡ್‌ಗೆ ಬದಲಾಯ್ಸಿ, ಯುಟಿಸಿನೌನ ಹಂಗೇ ಬಿಡ್ತಾರೆ. ಆ ಮೆಥಡ್ ಝೋನ್ ಇಲ್ಲದ ಟೈಮ್‌ನ ಮಷಿನ್‌ನ ಲೋಕಲ್ ಟೈಮ್ ಅಂದ್ಕೊಳತ್ತೆ. ಸಿಐ ಮಷಿನ್ ಯುಟಿಸಿಲಿ ಇರತ್ತೆ, ಎಲ್ಲಾ ಹಸಿರು. ಭಾರತದ ಟೈಮ್‌ಗೆ ಇಟ್ಟಿರೋ ಸರ್ವರ್‌ನಲ್ಲಿ 19,800 ಸೆಕೆಂಡ್ ಹಿಂದಕ್ಕೆ ಹೋಗತ್ತೆ, ಅಂದ್ರೆ ಐದೂವರೆ ಗಂಟೆ. ಎಕ್ಸ್‌ಪೈರಿ ಬರೆಯೋ ಕಡೆ ಹಿಂಗಾದ್ರೆ ಒಂದು ಗಂಟೆಯ ಟೋಕನ್ ಹುಟ್ಟುವಾಗ್ಲೇ ಸತ್ತಿರತ್ತೆ, ತಕ್ಷಣ ಗೊತ್ತಾಗತ್ತೆ. ಎಕ್ಸ್‌ಪೈರಿ ಪರೀಕ್ಷೆ ಮಾಡೋ ಕಡೆ ಆದ್ರೆ ಸತ್ತ ಟೋಕನ್ ಇನ್ನೂ ಐದೂವರೆ ಗಂಟೆ ಓಡಾಡ್ಕೊಂಡಿರತ್ತೆ, ಯಾರೂ ದೂರು ಕೊಡಲ್ಲ! ಲಾಗಿನ್ ಜಾಸ್ತಿ ಹೊತ್ತು ಉಳೀತು ಅಂತ ಯಾರು ಇಶ್ಯೂ ಹಾಕ್ತಾರೆ?

ಹಾಗಾಗಿ ಸಿಐನಲ್ಲಿ ಒಂದು ಸುತ್ತು ಟೈಮ್‌ಝೋನ್‌ನ ಏಷ್ಯಾ/ಕೋಲ್ಕತಾಗೆ ಇಟ್ಟು ಓಡಿಸಿ, ಇನ್ನೊಂದು ಸುತ್ತು ಅಮೆರಿಕದ ಯಾವ್ದಾದ್ರೂ ಝೋನ್‌ನಲ್ಲಿ, ಅಲ್ಲಿ ತಪ್ಪು ಉಲ್ಟಾ ದಿಕ್ಕಿಗೆ ಬರತ್ತೆ.

ಹಂತ 5: ವಾರ್ನಿಂಗ್ ಕೇಳೋ ಹಂಗೆ ಕೊಡಿ

ಪೈಥನ್‌ನಲ್ಲಿ ಡೆಪ್ರಿಕೇಷನ್ ವಾರ್ನಿಂಗ್ ಅನ್ನೋದು ಮಾಮೂಲಾಗಿ ಕಾಣೋದೇ ಇಲ್ಲ, ನೇರವಾಗಿ ಓಡಿಸಿದ ಫೈಲ್‌ನಿಂದ ಬಂದ್ರೆ ಮಾತ್ರ ತೋರಿಸತ್ತೆ, ಇಲ್ಲಾ ಪೈಟೆಸ್ಟ್ ಅನ್ನೋ ಟೂಲ್‌ನಲ್ಲಿ ಟೆಸ್ಟ್ ಓಡಿಸಿದಾಗ ಕೊನೇಲಿ ಕಾಣತ್ತೆ. ‘ಎರಡು ವರ್ಷದಿಂದ ವಾರ್ನಿಂಗ್ ಕೊಡ್ತಿದೀವಿ’ ಅಂತ ನೀವು ವಾದ ಮಾಡಿದ್ರೆ ‘ಕಂಡೇ ಇಲ್ಲ’ ಅಂತ ಅವ್ರು ಹೇಳೋದು ಸುಳ್ಳಲ್ಲ. ನಾನು ಮೊದಲ ರಿಲೀಸ್‌ಗಳಲ್ಲಿ ಡೆಪ್ರಿಕೇಷನ್ ವಾರ್ನಿಂಗ್ ಕೊಟ್ಟು, ತೆಗೆಯೋಕೆ ಮುಂಚಿನ ಒಂದು ರಿಲೀಸ್‌ನಲ್ಲಿ ಫ್ಯೂಚರ್ ವಾರ್ನಿಂಗ್‌ಗೆ ಬದಲಾಯ್ಸ್ತೀನಿ, ಅದು ಎಲ್ಲರ ಕಣ್ಣಿಗೂ ಬೀಳತ್ತೆ, ಬೈಗುಳನೂ ಬರತ್ತೆ, ಬರ್ಲಿ.

ಸ್ಟ್ಯಾಕ್‌ಲೆವೆಲ್ 2 ಅಂತ ಕೊಡೋದು ಮರೀಬೇಡಿ, ಇಲ್ಲಾಂದ್ರೆ ವಾರ್ನಿಂಗ್ ನಿಮ್ಮ ಲೈಬ್ರರಿಯ ಸಾಲನ್ನ ತೋರಿಸತ್ತೆ, ಕರೆದವ್ರ ಸಾಲನ್ನಲ್ಲ. ಪೈಥನ್ 3.13ರಿಂದ ಇದಕ್ಕೆ ಅಂತ್ಲೇ ಒಂದು ಡೆಕೊರೇಟರ್ (ಫಂಕ್ಷನ್ ತಲೆ ಮೇಲೆ ಹಾಕೋ ಗುರುತು) ಇದೆ, ಹಾಕಿದ್ರೆ ಎಡಿಟರ್‌ನಲ್ಲೇ ಹೆಸರಿನ ಮೇಲೆ ಗೀಟು ಬೀಳತ್ತೆ, ಹಳೇ ವರ್ಷನ್‌ಗೆ ಟೈಪಿಂಗ್ ಎಕ್ಸ್‌ಟೆನ್ಷನ್ಸ್ ಪ್ಯಾಕೇಜ್‌ನಿಂದ ತಗೋಬಹುದು. ಮೆಸೇಜ್‌ನಲ್ಲಿ ಯಾವ್ದು ಹೋಗ್ತಿದೆ, ಯಾವ ವರ್ಷನ್‌ಗೆ ಹೋಗತ್ತೆ, ಬದಲಿಗೆ ಏನು ಬಳಸ್ಬೇಕು, ಮೂರೂ ಇರ್ಲಿ. ‘ಇದು ಡೆಪ್ರಿಕೇಟ್ ಆಗಿದೆ’ ಅಂತ ಅಷ್ಟೇ ಬರೆಯೋದು, ಬಸ್ ಸ್ಟಾಪ್ ಎತ್ತಿದೀವಿ ಅಂತ ಬೋರ್ಡ್ ಹಾಕಿ ಹೊಸ ಸ್ಟಾಪ್ ಎಲ್ಲಿ ಅಂತ ಹೇಳದೇ ಹೋದಂಗೆ.

ಎಚ್ಚರ: ವಾರ್ನಿಂಗ್ ಪಠ್ಯದಲ್ಲಿ ಟೋಕನ್ನೋ ಯೂಸರ್ ಹೆಸರೋ ಸೇರಿಸ್ಬೇಡಿ. ಅದು ಲಾಗ್‌ಗೆ ಹೋಗತ್ತೆ, ಲಾಗ್ ಎಲ್ಲೆಲ್ಲಿಗೋ ಹೋಗತ್ತೆ.

ಹಂತ 6: ಕಿಡಿ ಹಾರ್ತಿರೋ ಕಂಬಕ್ಕೆ ನೋಟಿಸ್ ಅಂಟಿಸ್ಬೇಡಿ

ಹಳೇದನ್ನ ಓದಿ ಅಂದೆ, ನಿಜ. ಆದ್ರೆ ‘ಹಳೇದು’ ಬೇರೆ, ‘ಕಳ್ಳರಿಗೆ ಬಾಗಿಲು ತೆಗೆದಿರೋದು’ ಬೇರೆ. ಜೆಡಬ್ಲ್ಯೂಟಿಯ ತಲೆಯಲ್ಲಿ ಸಹಿ ಯಾವ ಅಲ್ಗಾರಿದಂ ಅಂತ ಬರೆದಿರತ್ತೆ, ಅಲ್ಲಿ ‘ನನ್’ ಅಂತ ಬರೆದ್ರೆ ಸಹಿನೇ ಬೇಡ ಅಂತ ಅರ್ಥ. 2015ರಲ್ಲಿ ಎಷ್ಟೋ ಲೈಬ್ರರಿಗಳು ಇದನ್ನ ಒಪ್ಕೋತಿದ್ವು ಅಂತ ಬಯಲಾಯ್ತು. ಇದರ ತಮ್ಮ ಇನ್ನೊಬ್ಬ ಇದಾನೆ: ಆರ್‌ಎಸ್256ರಲ್ಲಿ (ಇದೂ, ಮುಂದೆ ಬರೋ ಎಚ್‌ಎಸ್256 ಕೂಡ ಸಹಿಯ ಅಲ್ಗಾರಿದಂಗಳು) ಗುಟ್ಟಿನ ಕೀಯಿಂದ ಸಹಿ, ಪಬ್ಲಿಕ್ ಕೀಯಿಂದ ಪರೀಕ್ಷೆ, ಎಚ್‌ಎಸ್256ರಲ್ಲಿ ಎರಡಕ್ಕೂ ಒಂದೇ ಗುಟ್ಟು. ಲೈಬ್ರರಿ ಟೋಕನ್ ಹೇಳಿದ್ದನ್ನೇ ನಂಬಿದ್ರೆ, ಕಳ್ಳ ಎಲ್ಲರಿಗೂ ಸಿಗೋ ಪಬ್ಲಿಕ್ ಕೀನೇ ಗುಟ್ಟು ಅನ್ನೋ ಥರ ಬಳಸಿ ಎಚ್‌ಎಸ್256 ಸಹಿ ಹಾಕ್ಕೊಂಡು ಬರ್ತಾನೆ. ಪೈಜೆಡಬ್ಲ್ಯೂಟಿ 2.0 ಬಂದಾಗ (2020ರ ಡಿಸೆಂಬರ್) ಡಿಕೋಡ್ ಮಾಡುವಾಗ ಅಲ್ಗಾರಿದಂ ಪಟ್ಟಿ ಕೊಡೋದು ಕಡ್ಡಾಯ ಮಾಡಿದ್ದು ಇದಕ್ಕೇ. ಜನ ಬೈದ್ರು. ಸರಿಯಾದ ಕೆಲಸ.

ನೋಡ್‌ಜೆಎಸ್ ಕಡೆ ಪಾಸ್‌ಪೋರ್ಟ್ ಅನ್ನೋ ಲೈಬ್ರರಿ 2022ರಲ್ಲಿ 0.6 ಬಿಟ್ಟಾಗ ಲಾಗೌಟ್ ಫಂಕ್ಷನ್‌ಗೆ ಕಾಲ್‌ಬ್ಯಾಕ್ (ಕೆಲಸ ಮುಗಿದ್ಮೇಲೆ ಕರೆಯೋ ಫಂಕ್ಷನ್) ಕೊಡ್ಲೇಬೇಕು ಅಂತಾಯ್ತು, ಸೆಷನ್ ಫಿಕ್ಸೇಷನ್ ತಡೆಯೋಕೆ (ಕಳ್ಳ ಮೊದ್ಲೇ ಗೊತ್ತು ಮಾಡ್ಕೊಂಡಿರೋ ಸೆಷನ್‌ನೊಳಗೆ ನೀವು ಲಾಗಿನ್ ಆಗೋ ಥರ ಮಾಡೋ ಮೋಸ). ಸಾವಿರಾರು ಟ್ಯುಟೋರಿಯಲ್ ಒಂದೇ ದಿನಕ್ಕೆ ಹಳೇದಾದ್ವು.

ಇಂಥದ್ರಲ್ಲಿ ನನ್ನ ರೂಲ್ಸ್: ವಾರ್ನಿಂಗ್ ಅವಧಿ ಇಲ್ಲ, ಬರೀ ತಪ್ಪು ತಿದ್ದಕ್ಕೆ ಬಿಡೋ ಸಣ್ಣ ಪ್ಯಾಚ್ ರಿಲೀಸ್‌ನಲ್ಲೇ ಒಡೀತೀನಿ, ಸಪೋರ್ಟ್ ಇರೋ ಹಳೇ ಬ್ರಾಂಚ್‌ಗಳಿಗೂ ಅದೇ ದಿನ ಬ್ಯಾಕ್‌ಪೋರ್ಟ್ ಮಾಡ್ತೀನಿ (ಹೊಸ ಫಿಕ್ಸ್‌ನ ಹಳೇ ವರ್ಷನ್‌ಗೂ ಹಾಕೋದು), ಅಡ್ವೈಸರಿ (ತೊಂದರೆ ಏನು ಅಂತ ಎಲ್ಲರಿಗೂ ತಿಳಿಸೋ ಸೂಚನೆ) ಬರೀತೀನಿ. ತೀರಾ ಅನಿವಾರ್ಯ ಅನ್ನೋರಿಗೆ ಒಂದು ಸ್ವಿಚ್ ಬಿಡ್ಬೇಕಾದ್ರೆ ಅದ್ರ ಹೆಸರು ಕೋಡ್ ರಿವ್ಯೂನಲ್ಲಿ ಓದಿದವ್ರಿಗೆ ನಾಚಿಕೆ ಆಗೋ ಹಂಗಿರ್ಲಿ, ಹೆಸರಲ್ಲೇ ‘ಅಸುರಕ್ಷಿತ’ ಅಂತ ಇರ್ಲಿ, ಮತ್ತೆ ‘ನನ್’ ಅಲ್ಗಾರಿದಂಗೆ ಮಾತ್ರ ಅದೂ ಬೇಡ.

ಹಂತ 7: ಬ್ರೌಸರ್‌ನವರು, ಪ್ರೊವೈಡರ್‌ನವರು

ಕ್ರೋಮ್ 80 ಬಂದಾಗ, 2020ರ ಫೆಬ್ರವರಿಲಿ, ಸೇಮ್‌ಸೈಟ್ (ಬೇರೆ ಸೈಟ್‌ನಿಂದ ಬಂದಾಗ ಕುಕಿ ಕಳಿಸ್ಬೇಕಾ ಅನ್ನೋ ಸೆಟ್ಟಿಂಗ್) ಹೇಳದ ಕುಕಿನ ‘ಲ್ಯಾಕ್ಸ್’ ಅಂತ ತಗೊಳೋ ಬದಲಾವಣೆ ಶುರುವಾಯ್ತು, ಅಂದ್ರೆ ಬೇರೆ ಸೈಟ್‌ನಿಂದ ಪೋಸ್ಟ್ (ಫಾರ್ಮ್ ಕಳಿಸೋ ರಿಕ್ವೆಸ್ಟ್) ಆಗಿ ವಾಪಸ್ ಬಂದಾಗ ಕುಕಿ ಜೊತೆಗೆ ಬರಲ್ಲ. ಕೋವಿಡ್ ಅಂತ ಏಪ್ರಿಲ್‌ನಲ್ಲಿ ಹಿಂದೆ ತಗೊಂಡು ಜುಲೈನಲ್ಲಿ ಮತ್ತೆ ತಂದ್ರು. ಎಸ್‌ಎಎಂಎಲ್ (ಕಂಪನಿಗಳ ಒಂದೇ ಲಾಗಿನ್‌ಗೆ ಬಳಸೋ ವ್ಯವಸ್ಥೆ) ಥರ ಪೋಸ್ಟ್ ಆಗಿ ವಾಪಸ್ ಬರೋ ಲಾಗಿನ್‌ಗಳಿಗೆ ಇದು ದೊಡ್ಡ ಏಟು. ಮಜಾ ಅಂದ್ರೆ ಕ್ರೋಮ್ ಒಂದು ರಿಯಾಯ್ತಿ ಇಟ್ಟಿತ್ತು, ಸೇಮ್‌ಸೈಟ್ ಹೇಳದ ಕುಕಿ ಹುಟ್ಟಿ ಎರಡು ನಿಮಿಷ ಆಗಿಲ್ಲ ಅಂದ್ರೆ ಕಳಿಸ್ತಿತ್ತು. ಅಂದ್ರೆ ಬೇಗ ಲಾಗಿನ್ ಆದವ್ರಿಗೆ ತೊಂದರೆ ಇಲ್ಲ, ಒಟಿಪಿ ಲೇಟಾಗಿ ಬಂದವ್ರಿಗೆ ಮಾತ್ರ ಫೇಲ್. ಇಂಥ ಬಗ್‌ನ ನಿಮ್ಮ ಟೇಬಲ್ ಮೇಲೆ ಮರುಸೃಷ್ಟಿ ಮಾಡಕ್ಕೆ ಹೋದ್ರೆ ಯಾವಾಗ್ಲೂ ಪಾಸ್ ಆಗತ್ತೆ!

ಉತ್ತರ ಸೇಮ್‌ಸೈಟ್ ‘ನನ್’ (ಯಾವ ಸೈಟ್‌ನಿಂದ ಬಂದ್ರೂ ಕಳಿಸು) ಮತ್ತು ‘ಸೆಕ್ಯೂರ್’ (ಎಚ್‌ಟಿಟಿಪಿಎಸ್‌ನಲ್ಲಿ ಮಾತ್ರ) ಅಂತ ಹಾಕೋದು. ಆದ್ರೆ ಐಒಎಸ್ 12 ಆ ‘ನನ್’ನ ‘ಸ್ಟ್ರಿಕ್ಟ್’ ಅಂತ ಓದ್ತಿತ್ತು, ಪೂರ್ತಿ ಉಲ್ಟಾ. ಹಾಗಾಗಿ ಜನ ಎರಡು ಕುಕಿ ಇಟ್ರು, ಒಂದು ಸೇಮ್‌ಸೈಟ್ ನನ್ ಜೊತೆ, ಇನ್ನೊಂದು ಏನೂ ಇಲ್ದೆ, ಯಾವ್ದು ಬಂದ್ರೆ ಅದನ್ನ ಓದು. ಇಂಥ ಫಿಕ್ಸ್ ಹಾಕಿದ ದಿನವೇ ‘ಯಾವ ಬ್ರೌಸರ್ ಸತ್ರೆ ಇದನ್ನ ತೆಗೀಬಹುದು’ ಅಂತ ಕಾಮೆಂಟ್‌ನಲ್ಲಿ ಬರೀರಿ, ಇಲ್ಲಾಂದ್ರೆ ಐದು ವರ್ಷ ಆದ್ಮೇಲೆ ಮುಟ್ಟಕ್ಕೆ ಯಾರಿಗೂ ಧೈರ್ಯ ಇರಲ್ಲ.

ಓಆಥ್ (‘ಗೂಗಲ್ ಮೂಲಕ ಲಾಗಿನ್ ಆಗಿ’ ಥರದ್ದಕ್ಕೆ ಬಳಸೋ ವ್ಯವಸ್ಥೆ) ಬಗ್ಗೆ ಜಾಸ್ತಿ ಬರೆಯೋದಿಲ್ಲ. 2025ರ ಜನವರಿಲಿ ಬಂದ ಆರ್‌ಎಫ್‌ಸಿ 9700 ಓದಿ: ಪಾಸ್‌ವರ್ಡ್ ಗ್ರಾಂಟ್ (ಬಳಕೆದಾರರ ಪಾಸ್‌ವರ್ಡ್‌ನ ಆ್ಯಪೇ ತಗೊಂಡು ಟೋಕನ್ ತರೋದು) ಬಳಸ್ಲೇಬಾರದು, ಇಂಪ್ಲಿಸಿಟ್ ಗ್ರಾಂಟ್ (ಟೋಕನ್ ನೇರವಾಗಿ ಬ್ರೌಸರ್ ವಿಳಾಸದಲ್ಲೇ ಬರೋದು) ಬಿಡಿ, ಪಬ್ಲಿಕ್ ಕ್ಲೈಂಟ್‌ಗಳಿಗೆ (ಗುಟ್ಟು ಇಟ್ಕೊಳಕ್ಕಾಗದ ಮೊಬೈಲ್, ಬ್ರೌಸರ್ ಆ್ಯಪ್) ಪಿಕೆಸಿಇ (ಲಾಗಿನ್ ಶುರು ಮಾಡಿದವ್ರೇ ಟೋಕನ್ ತಗೋತಿದಾರೆ ಅಂತ ಖಾತ್ರಿ ಮಾಡೋ ಚೆಕ್) ಕಡ್ಡಾಯ. ನೀವು ಸರ್ವರ್ ಕಡೆಯ ಲೈಬ್ರರಿ ಆದ್ರೆ ರಿಡೈರೆಕ್ಟ್ ವಿಳಾಸನ (ಲಾಗಿನ್ ಆದ್ಮೇಲೆ ವಾಪಸ್ ಕಳಿಸೋ ಜಾಗ) ಅಕ್ಷರಕ್ಕೆ ಅಕ್ಷರ ಹೋಲಿಸ್ಬೇಕು, ಇದನ್ನ ಬಿಗಿ ಮಾಡಿದ ದಿನ ಕೊನೇಲಿರೋ ಒಂದು ಸ್ಲ್ಯಾಶ್‌ಗೆ ಹತ್ತು ಇಶ್ಯೂ ಬರತ್ತೆ, ರೆಡಿ ಇರಿ.

ಹಂತ 8: ಸಿಐ ಮತ್ತು ಹಳೇ ಟೋಕನ್‌ಗಳ ಡಬ್ಬಿ

ನೀವು ಸಪೋರ್ಟ್ ಮಾಡ್ತೀನಿ ಅಂದಿರೋ ಅತಿ ಹಳೇ ಡಿಪೆಂಡೆನ್ಸಿ ವರ್ಷನ್‌ಗಳ ಜೊತೆ ಒಂದು ಸುತ್ತು, ಅತಿ ಹೊಸದ್ರ ಜೊತೆ ಒಂದು ಸುತ್ತು, ಮಧ್ಯದ್ದು ಬಿಟ್ರೂ ನಡೆಯತ್ತೆ. ನಿಮ್ಮ ಸ್ವಂತ ಟೆಸ್ಟ್‌ಗಳಲ್ಲಿ ವಾರ್ನಿಂಗ್‌ನ ಎರರ್ ಮಾಡಿ ಓಡಿಸಿ. ವಾರಕ್ಕೊಮ್ಮೆ ತಾನಾಗೇ ಓಡೋ ಹಂಗೆ ಇಡಿ, ಆದ್ರೆ ಗಮನ ಇರ್ಲಿ, ಪಬ್ಲಿಕ್ ರೆಪೊದಲ್ಲಿ 60 ದಿನ ಏನೂ ಚಟುವಟಿಕೆ ಇಲ್ಲಾಂದ್ರೆ ಗಿಟ್‌ಹಬ್ ಆ ಶೆಡ್ಯೂಲ್‌ನ ನಿಲ್ಲಿಸ್ಬಿಡತ್ತೆ. ಶಾಂತವಾಗಿರೋ ಲೈಬ್ರರಿಗೇ ಇದು ಬೇಕಾಗಿರೋದು, ಶಾಂತವಾಗಿರೋದಕ್ಕೇ ನಿಲ್ಲೋದು.

ಇನ್ನೊಂದು, ಪ್ರತಿ ರಿಲೀಸ್ ಮಾಡಿದಾಗ್ಲೂ ಆ ವರ್ಷನ್‌ನಿಂದ ಒಂದು ಟೋಕನ್, ಒಂದು ಹ್ಯಾಶ್, ಒಂದು ಸೆಷನ್ ಕುಕಿ ಹುಟ್ಟಿಸಿ (ಟೆಸ್ಟ್ ಕೀಲಿ, ನಿಜವಾದ ಕೀಲಿ ಅಲ್ಲ) ಒಂದು ಫೋಲ್ಡರ್‌ಗೆ ಹಾಕಿ. ಹೊಸ ಕೋಡ್ ಆ ಎಲ್ಲಾ ಹಳೇ ಸಾಮಾನನ್ನ ಓದತ್ತಾ ಅಂತ ಟೆಸ್ಟ್ ಮಾಡಿ, ಎಕ್ಸ್‌ಪೈರಿ ಚೆಕ್‌ಗೆ ಟೈಮ್ ಹಿಂದಕ್ಕೆ ನಿಲ್ಲಿಸಿ. ಹುಟ್ಟಿಸೋ ಕೋಡೂ ಓದೋ ಕೋಡೂ ಒಂದೇ ವರ್ಷನ್ ಆದ್ರೆ ಟೆಸ್ಟ್ ಯಾವಾಗ್ಲೂ ಪಾಸ್, ಅದ್ರಿಂದ ಏನೂ ಗೊತ್ತಾಗಲ್ಲ.

ಹಂತ 9: ರಿಲೀಸ್

ಮೇಜರ್ ರಿಲೀಸ್‌ಗೆ ಮುಂಚೆ ಆರ್‌ಸಿ (ಪರೀಕ್ಷೆಗೆ ಅಂತ ಬಿಡೋ ಮುಂಗಡ ರಿಲೀಸ್) ಬಿಡಿ, ಎರಡು ವಾರ ಕಾಯಿರಿ. ಶುಕ್ರವಾರ ಸಂಜೆ ಬಿಡ್ಬೇಡಿ. ಕೆಟ್ಟದ್ದು ಹೋಗ್ಬಿಟ್ರೆ ಪೈಪಿಐನಲ್ಲಿ ಯ್ಯಾಂಕ್ ಮಾಡಿ, ಡಿಲೀಟ್ ಬೇಡ; ಯ್ಯಾಂಕ್ ಮಾಡಿದ್ರೆ ಹೊಸಬ್ರಿಗೆ ಸಿಗಲ್ಲ, ಅದೇ ವರ್ಷನ್‌ಗೆ ಗೂಟ ಹೊಡೆದವ್ರಿಗೆ ಸಿಗತ್ತೆ. ಒಮ್ಮೆ ಅಪ್‌ಲೋಡ್ ಆದ ಫೈಲ್ ಹೆಸರು ಮತ್ತೆ ಬಳಸಕ್ಕಾಗಲ್ಲ, ಡಿಲೀಟ್ ಮಾಡಿದ್ರೂ.

ಹಳೇ ಪೈಥನ್ ಬಿಡುವಾಗ ‘ರಿಕ್ವೈರ್ಸ್ ಪೈಥನ್’ ಸಾಲನ್ನ ಅದೇ ರಿಲೀಸ್‌ನಲ್ಲಿ ಏರಿಸಿ, ಆಗ ಹಳೇ ಪೈಥನ್‌ನಲ್ಲಿ ಇರೋರಿಗೆ ಪಿಪ್ (ಪ್ಯಾಕೇಜ್ ಇನ್‌ಸ್ಟಾಲ್ ಮಾಡೋ ಟೂಲ್) ತಾನಾಗೇ ನಿಮ್ಮ ಹಿಂದಿನ ವರ್ಷನ್ ಕೊಡತ್ತೆ, ಯಾರಿಗೂ ಏನೂ ಒಡೆಯಲ್ಲ. ಆ ಸಾಲಲ್ಲಿ ಮೇಲಿನ ಮಿತಿ ಮಾತ್ರ ಹಾಕ್ಬೇಡಿ. ‘ನಮ್ಮ ಕಂಪನಿ ಇನ್ನೂ 3.8ರಲ್ಲಿದೆ, ವಾಪಸ್ ತನ್ನಿ’ ಅಂತ ಬರೋರಿಗೆ ನಾನು ಹೇಳೋದು ಒಂದೇ: ಹಳೇ ಬ್ರಾಂಚ್ ಅಲ್ಲೇ ಇದೆ, ಸೆಕ್ಯೂರಿಟಿ ಫಿಕ್ಸ್ ಬ್ಯಾಕ್‌ಪೋರ್ಟ್ ಮಾಡಿ ಪುಲ್ ರಿಕ್ವೆಸ್ಟ್ ಕಳಿಸಿ, ಮರ್ಜ್ ಮಾಡಿ ರಿಲೀಸ್ ಮಾಡ್ತೀನಿ. ಇವತ್ತಿನವರೆಗೆ ಕಳಿಸಿದವ್ರು ಇಬ್ರು. ಇಬ್ರಿಗೂ ಈಗ ರಿವ್ಯೂ ಹಕ್ಕು ಇದೆ.

ಹಂತ 10: ಕಿತ್ತಾಕೋ ದಿನ

ಡೇಟ್ ಬಂತು, ಮೇಜರ್ ವರ್ಷನ್ ಬಂತು, ಫಂಕ್ಷನ್ ಡಿಲೀಟ್ ಮಾಡಿ. ಆದ್ರೆ ಹೆಸರನ್ನ ಪೂರ್ತಿ ಮಾಯ ಮಾಡ್ಬೇಡಿ, ಒಂದು ಮೇಜರ್ ವರ್ಷನ್‌ನ ಮಟ್ಟಿಗೆ ಅದೇ ಹೆಸರಲ್ಲಿ ಎರಡು ಸಾಲಿನ ಖಾಲಿ ಫಂಕ್ಷನ್ ಬಿಡಿ, ಕರೆದ್ರೆ ‘ಇದು 4.0ರಲ್ಲಿ ಹೋಯ್ತು, ಬದಲಿಗೆ ಇದನ್ನ ಬಳಸಿ’ ಅಂತ ಎರರ್ ಎಸೀಲಿ. ಪರೀಕ್ಷೆ ಮಾಡೋ ಫಂಕ್ಷನ್ ಆಗಿದ್ರೆ ಅದು ಎರರ್ ಎಸೀಬೇಕು, ‘ಫಾಲ್ಸ್’ ಅಂತ ವಾಪಸ್ ಕೊಡ್ಬಾರದು, ಯಾಕಂದ್ರೆ ಯಾರೋ ಒಬ್ರು ‘ಟೋಕನ್ ಕೆಟ್ಟಿದೆಯಾ’ ಅಂತ ಕೇಳೋ ಫಂಕ್ಷನ್‌ಗೆ ‘ಫಾಲ್ಸ್’ ಸಿಕ್ಕಿದ್ರೆ ಕೆಟ್ಟಿಲ್ಲ ಅಂದ್ಕೊಂಡು ಒಳಗೆ ಬಿಡ್ತಾರೆ. ಆ ಖಾಲಿ ಫಂಕ್ಷನ್‌ಗೂ ಒಂದು ಟೆಸ್ಟ್ ಬರೀರಿ, ಟೆಸ್ಟ್ ಪಕ್ಕದಲ್ಲಿ 5.0ಕ್ಕೆ ಇದನ್ನೂ ತೆಗೀಬೇಕು ಅಂತ ಕಾಮೆಂಟ್ ಹಾಕಿ ಇಶ್ಯೂ ಓಪನ್ ಮಾಡಿಟ್ಬಿಡಿ.